ಗೋಣಿಚೀಲದ ದುಡ್ಡು

ಜನವರಿ ಬಂತೆಂದರೆ ನಮ್ಮ ಕಚೇರಿಯಲ್ಲಿ ಯಾರಿಗೂ ಊಟದ ಹೊತ್ತು ಗೊತ್ತಾಗುವುದಿಲ್ಲ. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ರೊಬಸ್ಟಾ ಶುರುವಾಗಿರುತ್ತದೆ. ಅಂಗಳದಲ್ಲಿ ಪಿಕಪ್ ಗಾಡಿಗಳ ಸಾಲು. ತೂಕದ ಚೀಟಿ ಹಿಡಿದ ಬೆಳೆಗಾರರು ನನ್ನ ಮೇಜಿನ ಸುತ್ತ. ಒಳಗಡೆ ಪಾರ್ಚ್‌ಮೆಂಟಿನ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ ಬೀಜದ, ತೇವಾಂಶದ ಬಗ್ಗೆ ಮುಗಿಯದ ವಾದ. ಚಿಕ್ಕಮಗಳೂರಿನ ಹೊರವಲಯದಲ್ಲಿರುವ ಈ ಕಾಫಿ ಖರೀದಿ ಮತ್ತು ಕ್ಯೂರಿಂಗ್ ಸಂಸ್ಥೆಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಹತ್ತು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ನಿದ್ದೆ ಬಾರದ ಜಾತಿ ನನ್ನದು. ಅಂಥವಳೇ 4,86,000 ರೂಪಾಯಿಯನ್ನು ಯಾರೋ ಕಾಣದವನ ಖಾತೆಗೆ ನನ್ನ ಕೈಯಾರೆ ಹಾಕಿದೆ.

2024ರ ಜನವರಿ 18, ಗುರುವಾರ. ನಮಗೆ ಗೋಣಿಚೀಲ ಕಳಿಸುವವರು ಕೋಲ್ಕತ್ತದವರು. ಅವರ ಬಿಲ್ಲಿನ ಹಣ ಬಾಕಿ ಇತ್ತು. ಅಂದು ಅವರಿಂದ ಒಂದು ಇಮೇಲ್ ಬಂತು: ನಮ್ಮಲ್ಲಿ ಆಡಿಟ್ ನಡೆಯುತ್ತಿದೆ, ಹಳೆಯ ಖಾತೆಗೆ ಹಣ ಹಾಕಬೇಡಿ, ಹೊಸ ಖಾತೆಯ ವಿವರ ಇಲ್ಲಿದೆ. ಬಿಲ್ಲಿನ ಸಂಖ್ಯೆ ಸರಿಯಿತ್ತು, ಚೀಲಗಳ ಲೆಕ್ಕ ಸರಿಯಿತ್ತು, ಜಿಎಸ್‌ಟಿ ಪೈಸೆಯವರೆಗೂ ಸರಿಯಿತ್ತು. ಕೆಳಗಡೆ ನಾನು ಹಿಂದಿನ ವಾರ ಬರೆದಿದ್ದ ಮಾತುಗಳೇ ಇದ್ದವು. ಅನುಮಾನಕ್ಕೆ ಎಡೆಯೇ ಇರಲಿಲ್ಲ ಎಂದು ಆಗ ಅನ್ನಿಸಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಆರ್‌ಟಿಜಿಎಸ್ (ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಕೂಡಲೇ ಕಳಿಸುವ ಕ್ರಮ) ಮಾಡಿ, ರಿಜಿಸ್ಟರಿನಲ್ಲಿ ಬರೆದು, ಮುಂದಿನ ಚೀಟಿ ಕೈಗೆತ್ತಿಕೊಂಡೆ.

ಮರುದಿನ ಸಂಜೆ ನಾಲ್ಕೂವರೆಗೆ ಕೋಲ್ಕತ್ತದಿಂದ ಫೋನ್. ಹಣ ಯಾವಾಗ ಕಳಿಸುತ್ತೀರಿ ಎಂದು ಅವರು ಮಾಮೂಲಿ ಧ್ವನಿಯಲ್ಲಿ ಕೇಳಿದರು. ಹೊಸ ಖಾತೆಗೆ ಹಾಕಿದ್ದೇನಲ್ಲ ಎಂದೆ. ಯಾವ ಹೊಸ ಖಾತೆ ಎಂದರು.

ಈಗ ಹೇಳುವ ವಿಷಯವನ್ನು ನಾನು ತುಂಬಾ ದಿನ ಯಾರಿಗೂ ಹೇಳಿರಲಿಲ್ಲ. ಫೋನ್ ಇಟ್ಟವಳು ಯಜಮಾನರ ಕೋಣೆಗೆ ಹೋಗಲಿಲ್ಲ. ಹೊಟ್ಟೆನೋವು ಎಂದು ಸುಳ್ಳು ಹೇಳಿ ಮನೆಗೆ ಹೋದೆ. ಇಮೇಲನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಓದಿದೆ. ಎಲ್ಲೋ ಗೊಂದಲವಾಗಿರಬಹುದು, ಬೆಳಗ್ಗೆ ಸರಿಹೋಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಗಂಡನಿಗೂ ಹೇಳಲಿಲ್ಲ. ಇಷ್ಟು ವರ್ಷದ ನಂಬಿಕೆ ಒಂದು ಸಂಜೆಗೆ ಹೋಗಿಬಿಡುತ್ತದಲ್ಲ ಎಂಬ ಭಯ ಒಂದು ಕಡೆ, ಸಂಬಳದಲ್ಲಿ ಮುರಿದುಕೊಂಡರೆ ಎಷ್ಟು ವರ್ಷ ಹಿಡಿಯುತ್ತದೆ ಎಂಬ ಲೆಕ್ಕ ಇನ್ನೊಂದು ಕಡೆ. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಯಜಮಾನರ ಮುಂದೆ ನಿಂತು ಹೇಳಿದೆ. ಅವರು ಬಯ್ಯಲಿಲ್ಲ. ಆಡಿಟರಿಗೆ ಫೋನ್ ಮಾಡಿದರು. ಆಡಿಟರು, ನನ್ನ ಹತ್ತಿರ ಮಾತಾಡುವುದು ಆಮೇಲೆ, ಮೊದಲು 1930ಕ್ಕೆ ಕರೆ ಮಾಡಿ ಎಂದರು.

1930 ಎಂಬುದು ಸೈಬರ್ ವಂಚನೆಯಲ್ಲಿ ಹಣ ಕಳೆದುಕೊಂಡವರಿಗಾಗಿ ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯಡಿ ದೇಶಕ್ಕೆಲ್ಲ ಇರುವ ಸಹಾಯವಾಣಿ. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಹಣ ಹೋದ ದಿನ ಮತ್ತು ಹೊತ್ತು, ಆ ವರ್ಗಾವಣೆಯನ್ನು ಗುರುತಿಸುವ 22 ಅಕ್ಷರ-ಅಂಕಿಗಳ ಯುಟಿಆರ್ ಸಂಖ್ಯೆ ಇಷ್ಟನ್ನು ಕೇಳಿಕೊಂಡು ಒಂದು ನೋಂದಣಿ ಸಂಖ್ಯೆ ಕೊಟ್ಟರು. ಅಲ್ಲಿ ದಾಖಲಾದೊಡನೆ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಅಲ್ಲಿಂದ ಬೇರೆ ಬ್ಯಾಂಕಿಗೆ ದಾಟಿದ್ದರೆ ಸೂಚನೆಯೂ ಬೆನ್ನುಹತ್ತಿ ಅಲ್ಲಿಗೆ ಹೋಗುತ್ತದೆ. ಎಲ್ಲಿ ಸಿಕ್ಕಿದರೆ ಅಲ್ಲಿ ತಡೆಹಿಡಿಯುತ್ತಾರೆ. ಹೀಗಾಗಿ ಎಲ್ಲವೂ ಓಟದ ಮೇಲೆ ನಿಂತಿದೆ. ಮಧ್ಯಾಹ್ನ ಸೆನ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟೆವು. ಸೈಬರ್ ಅಪರಾಧ, ಆರ್ಥಿಕ ಅಪರಾಧ, ಮಾದಕವಸ್ತು ಮೂರನ್ನೂ ನೋಡಿಕೊಳ್ಳುವ ಠಾಣೆ ಅದು.

ಕೆಲವು ವಾರ ಕಳೆದ ಮೇಲೆ ಅದೇ ಠಾಣೆಯಲ್ಲಿ ತಿಳಿದ ಒಂದು ಸಂಗತಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಮ್ಮ ಹಣ ನಾಲ್ಕಾರು ಖಾತೆಗಳಿಗೆ ಒಡೆದುಹೋಗಿತ್ತು. ಅವುಗಳಲ್ಲಿ ಒಂದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಣ ಶನಿವಾರ ಬೆಳಗಿನ ಜಾವದವರೆಗೂ ಅಲ್ಲಾಡದೆ ಕುಳಿತಿತ್ತು. ಸಹಾಯವಾಣಿ ರಾತ್ರಿಯೂ ಎಚ್ಚರವಿತ್ತು. ಮಲಗಿದ್ದವಳು ನಾನು, ಅದೂ ನಿದ್ದೆಯಿಲ್ಲದೆ. ಕೊನೆಗೆ ತಡೆಹಿಡಿಯಲು ಸಿಕ್ಕಿದ್ದು 61,400 ರೂಪಾಯಿ. ನ್ಯಾಯಾಲಯದ ಆದೇಶವಾಗಿ ಅದು ನಮ್ಮ ಖಾತೆಗೆ ಮರಳುವ ಹೊತ್ತಿಗೆ ಎಂಟು ತಿಂಗಳಾಗಿತ್ತು.

ಹೇಗೆ ಮೋಸಹೋದೆ ಎಂಬುದು ಆಮೇಲೆ ಬಿಡಿಸಿಕೊಂಡಿತು. ಕೋಲ್ಕತ್ತದವರ ಇಮೇಲ್ ಪೆಟ್ಟಿಗೆಯೊಳಗೆ ಕಳ್ಳ ಹೊಕ್ಕು ತಿಂಗಳುಗಟ್ಟಲೆ ಸುಮ್ಮನೆ ಓದುತ್ತ ಕುಳಿತಿದ್ದ. ಬಿಲ್ಲಿನ ಹಣ ಕೈಬದಲಾಗುವ ಹೊತ್ತು ನೋಡಿ, ಅವರದೇ ವಿಳಾಸದಂತೆ ಕಾಣುವ ಇನ್ನೊಂದು ವಿಳಾಸದಿಂದ ನನಗೆ ಬರೆದಿದ್ದ. ಇಂಗ್ಲಿಷಿನ ಎಂ ಅಕ್ಷರವಿರಬೇಕಾದ ಕಡೆ ಆರ್ ಮತ್ತು ಎನ್ ಎಂಬ ಎರಡು ಅಕ್ಷರಗಳನ್ನು ಒತ್ತೊತ್ತಾಗಿ ಇಟ್ಟಿದ್ದ. ಒಂದನೆಯ ತರಗತಿಯ ಮಕ್ಕಳು ‘ಮ’ ಮತ್ತು ‘ವು’ಗಳ ನಡುವೆ ತೊಡರುವುದಿಲ್ಲವೇ, ಅದೇ ಆಟ. ಮೇಷ್ಟರ ಮಗಳಾದ ನನಗೆ ಆಗ ಕಾಣಲಿಲ್ಲ.

ಹಾಕಿದ ಹೆಸರಿಗೂ ಖಾತೆಯ ಹೆಸರಿಗೂ ಹೊಂದದಿದ್ದರೆ ಬ್ಯಾಂಕು ತಡೆಯಬೇಕಿತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಇಂಥ ವರ್ಗಾವಣೆಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಹಣ ಕಳಿಸುವ ಮೊದಲೇ ಖಾತೆದಾರರ ಹೆಸರು ಕಾಣಿಸುವ ಸೌಲಭ್ಯವನ್ನು ಆರ್‌ಟಿಜಿಎಸ್ ಮತ್ತು ನೆಫ್ಟ್‌ಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು 2025ರ ಏಪ್ರಿಲ್ ಗಡುವಿಟ್ಟು. ನನಗೆ ಅದು ಹದಿನೈದು ತಿಂಗಳು ತಡವಾಗಿ ಬಂತು.

ಯಜಮಾನರು ಆಡಿಟರ ಮಾತು ಕೇಳಿ, ಸಿಬ್ಬಂದಿಗೆಲ್ಲ ತರಬೇತಿ ಆಗಲಿ ಎಂದರು. ಮೊದಲನೆಯದು ಆನ್‌ಲೈನ್ ಕೋರ್ಸು. ನಲವತ್ತು ನಿಮಿಷದ ಇಂಗ್ಲಿಷ್ ವಿಡಿಯೋ, ಅದರ ತುಂಬ ತಲೆಗೆ ಮುಸುಕು ಹಾಕಿಕೊಂಡವರ ಚಿತ್ರ, ಕೊನೆಗೆ ಹತ್ತು ಪ್ರಶ್ನೆ. ನಾವು ಮೂವತ್ತೊಂದು ಜನರೂ ಪಾಸಾದೆವು. ಇಬ್ಬರು ಡ್ರೈವರುಗಳ, ಗಾಡಿ ತೂಗುವ ವೇಬ್ರಿಡ್ಜಿನವರ ಮತ್ತು ಕಾವಲಿನವರ ಪರೀಕ್ಷೆಯನ್ನು ನಮ್ಮ ಕಚೇರಿಯ ಕಿರಿಯ ಹುಡುಗಿ ಒಬ್ಬಳೇ ಕೂತು ಬರೆದಳು. ಎಲ್ಲರ ಪ್ರಮಾಣಪತ್ರಗಳನ್ನೂ ಮುದ್ರಿಸಿ ಫೈಲಿಗೆ ಹಾಕಿದ್ದೇನೆ. ಅದರಿಂದ ಆದ ಪ್ರಯೋಜನ ಅಷ್ಟೇ.

ಎರಡನೆಯದು ನಿಜವಾದ ತರಬೇತಿ. ಹಾಸನದ ಕಡೆಯ ಎಂಜಿನಿಯರ್ ಒಬ್ಬರು, ವಯಸ್ಸು ನನ್ನ ತಮ್ಮನಷ್ಟು, ಜೂನ್ ಕೊನೆಯಲ್ಲಿ ಬೇಲೂರಿನ ಮೇಲೆ ಬಸ್ಸಿನಲ್ಲಿ ಬಂದರು. ಮಳೆಗಾಲದಲ್ಲಿ ನಮಗೆ ಕೆಲಸ ಕಡಿಮೆ. ಲೆಕ್ಕಪತ್ರದವರಿಗೆ ಮಾತ್ರ ಸಾಕಲ್ಲ, ತೂಕದವರಿಗೆ ಯಾಕೆ ಎಂದು ಯಜಮಾನರು ಕೇಳಿದರು. ಅವರು ಉತ್ತರ ಕೊಡದೆ ವೇಬ್ರಿಡ್ಜಿನ ಕೋಣೆಗೆ ನಡೆದರು. ಅಲ್ಲಿನ ಕಂಪ್ಯೂಟರಿಗೆ ಹಾಡು ತುಂಬಿದ ಪೆನ್‌ಡ್ರೈವ್ ಚುಚ್ಚಿತ್ತು, ಪಾಸ್‌ವರ್ಡ್ ಪರದೆಯ ಅಂಚಿಗೆ ಅಂಟಿಸಿತ್ತು, ಆ ಪಾಸ್‌ವರ್ಡು ಯಜಮಾನರ ಮನೆದೇವರ ಹೆಸರಾಗಿತ್ತು. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿಗೂ ಅದೇ, ವೈಫೈಗೂ ಅದೇ. ಯಜಮಾನರು ಮತ್ತೆ ಕೇಳಲಿಲ್ಲ.

ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ಪ್ರೊಜೆಕ್ಟರ್ ಇಟ್ಟು ಶುರು ಮಾಡಿದರು. ಆರಿದ್ರಾ ಮಳೆ ಹಿಡಿದಿತ್ತು. ಮೂರನೆಯ ಚಿತ್ರಕ್ಕೆ ಕರೆಂಟು ಹೋಯಿತು, ಮತ್ತೆ ಬಂದದ್ದು ಸಂಜೆಗೆ. ಅದೇ ಒಳ್ಳೆಯದಾಯಿತು ಎಂದು ನನ್ನ ಅಭಿಪ್ರಾಯ. ಚಿತ್ರ ತೋರಿಸಲು ಬಂದವರು ಮಾತಿಗೆ ಕೂತರು. ಶೀಟಿನ ಮೇಲೆ ಮಳೆಯ ಸದ್ದಿಗೆ ನಾವೆಲ್ಲ ಕುರ್ಚಿ ಎಳೆದುಕೊಂಡು ಹತ್ತಿರ ಬಂದೆವು.

ನಿಮ್ಮಲ್ಲಿ ಯಾರಿಗಾದರೂ ಇಂಥ ಮೋಸ ಆಗಿದೆಯೇ ಎಂದು ಕೇಳಿದರು. ನನಗೆ ಆಗಿದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ನೆಲ ನೋಡಿದರು. ಅರೆಗತ್ತಲೆ ಧೈರ್ಯ ಕೊಟ್ಟಿತೋ ಏನೋ, ನಾನೇ ಎದ್ದು ಹೇಳಿದೆ. ಆ ಶುಕ್ರವಾರದ ರಾತ್ರಿಯನ್ನೂ ಹೇಳಿದೆ. ಯಜಮಾನರಿಗೆ ಹೊಟ್ಟೆನೋವಿನ ಸುಳ್ಳು ಗೊತ್ತಾಗಿದ್ದು ಆಗಲೇ. ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಆಮೇಲೆ ವೇಬ್ರಿಡ್ಜಿನವರು, ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಸಂಪರ್ಕ ಕಡಿತವಾಗುತ್ತದೆ ಎಂಬ ಸಂದೇಶ ನಂಬಿ ಒಂಬತ್ತು ಸಾವಿರ ಕಳೆದುಕೊಂಡದ್ದನ್ನು ಹೇಳಿದರು. ಹೆಂಡತಿಗೆ ಇನ್ನೂ ಗೊತ್ತಿಲ್ಲ ಎಂದರು. ಡ್ರೈವರ್ ಒಬ್ಬರು ಲಾಟರಿ ಕಥೆ ಹೇಳಿದರು. ಕೊನೆಗೆ ಯಜಮಾನರೇ ಗಂಟಲು ಸರಿಮಾಡಿಕೊಂಡು, ಕೆವೈಸಿ ಎಂದು ಫೋನ್ ಮಾಡಿದವನಿಗೆ ಒಟಿಪಿ ಹೇಳಲು ಹೊರಟಿದ್ದೆ, ಮಗ ಕೈಯಿಂದ ಫೋನ್ ಕಿತ್ತುಕೊಂಡ ಎಂದರು. ನಕ್ಕೆವು. ಐದು ತಿಂಗಳಿನಿಂದ ನನ್ನ ಎದೆಯ ಮೇಲಿದ್ದ ಮೂಟೆ ಅಲ್ಲಿ ಇಳಿಯಿತು.

ತರಬೇತುದಾರರು ಹಿಡಿದದ್ದು ಅದನ್ನೇ. ಕಳ್ಳನಿಗೆ ನಿಮ್ಮ ಅಜ್ಞಾನಕ್ಕಿಂತ ನಿಮ್ಮ ಅಂಜಿಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದರು. ಯಜಮಾನರು ಬಯ್ಯುತ್ತಾರೆ ಎಂದು ಪ್ರಶ್ನೆ ಕೇಳದೆ ಹಣ ಕಳಿಸುತ್ತೀರಿ, ಕಳಿಸಿದ ಮೇಲೆ ಅದೇ ಕಾರಣಕ್ಕೆ ಬಚ್ಚಿಡುತ್ತೀರಿ. ಅಲ್ಲೇ ಯಜಮಾನರ ಕಡೆ ತಿರುಗಿ, ತಪ್ಪಿ ಒತ್ತಿದವರು ಐದು ನಿಮಿಷದೊಳಗೆ ಬಂದು ಹೇಳಿದರೆ ಬಯ್ಯುವುದಿಲ್ಲ ಎಂದು ಎಲ್ಲರ ಮುಂದೆ ಮಾತು ಕೊಡಿ ಎಂದರು. ಯಜಮಾನರು ಕೊಟ್ಟರು, ಸ್ವಲ್ಪ ಮುಖ ಗಂಟಿಕ್ಕಿಕೊಂಡೇ.

ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಥೆಯನ್ನು ಅವರು ಹೇಳಿದ ರೀತಿ ನೆನಪಿದೆ. 2016ರ ಫೆಬ್ರುವರಿಯಲ್ಲಿ ಕಳ್ಳರು ಆ ಬ್ಯಾಂಕಿನ ಕಂಪ್ಯೂಟರಿನಿಂದಲೇ, ಅದರ ಹಣವಿದ್ದ ನ್ಯೂಯಾರ್ಕಿನ ಬ್ಯಾಂಕಿಗೆ ಆದೇಶ ಕಳಿಸಿ ಸುಮಾರು 95 ಕೋಟಿ ಡಾಲರ್ ಎಳೆಯಲು ನೋಡಿದರು. ಹೋದದ್ದು 8.1 ಕೋಟಿ ಡಾಲರ್. ಶ್ರೀಲಂಕಾಕ್ಕೆ ಹೊರಟಿದ್ದ ಇನ್ನೊಂದು 2 ಕೋಟಿ ಡಾಲರ್ ನಿಂತದ್ದು ಮಾತ್ರ ಒಂದು ಕಾಗುಣಿತದ ತಪ್ಪಿನಿಂದ. ಫೌಂಡೇಷನ್ ಎಂದು ಬರೆಯುವ ಕಡೆ ಫ್ಯಾಂಡೇಷನ್ ಎಂದಿತ್ತು. ನಡುವಿನ ಬ್ಯಾಂಕಿನವರು ಇದೇನು ಎಂದು ತಿರುಗಿ ಕೇಳಿದರು, ಅಷ್ಟೇ. ತಪ್ಪು ಹುಡುಕುವುದನ್ನೇ ನಂಬಿ ಕೂರಬೇಡಿ ಎಂದೂ ಎಚ್ಚರಿಸಿದರು. ಈಗಿನ ಕಳ್ಳರಿಗೆ ಕೃತಕ ಬುದ್ಧಿಮತ್ತೆ ಶುದ್ಧ ಇಂಗ್ಲಿಷನ್ನೂ ಬರೆದುಕೊಡುತ್ತದೆ, ಒಪ್ಪತಕ್ಕ ಕನ್ನಡವನ್ನೂ ಬರೆದುಕೊಡುತ್ತದೆ. ಉಳಿಯುವುದು ತಿರುಗಿ ಕೇಳುವ ಅಭ್ಯಾಸ ಒಂದೇ.

ಸಹಾಯವಾಣಿಯ ಸಂಖ್ಯೆ ನೆನಪಿಡಲು ಅವರು ಹೇಳಿಕೊಟ್ಟ ಉಪಾಯ ನಮ್ಮೂರಿಗೆ ಹೇಳಿ ಮಾಡಿಸಿದಂತಿತ್ತು. ನಿಮ್ಮ ಮುಳ್ಳಯ್ಯನಗಿರಿ ಎಷ್ಟು ಮೀಟರ್ ಎಂದು ಕೇಳಿದರು. 1930 ಎಂದು ಇಬ್ಬರು ಕೂಗಿದರು. ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು ಬೇರೆ ಎಂದು ಗೋದಾಮಿನ ಮೇಸ್ತ್ರಿ ತಕರಾರು ತೆಗೆದರು. ಎತ್ತರದ ಅಂಕಿ ಒಂದೊಂದು ಕಡೆ ಒಂದೊಂದು ಇರುವುದು ನಿಜ. ಬೆಟ್ಟವನ್ನು ಆಮೇಲೆ ಅಳೆಯೋಣ, ಸಂಖ್ಯೆ ಮರೆಯಬೇಡಿ ಎಂದರು ತರಬೇತುದಾರರು. ಕಿಟಕಿಯಿಂದ ನೋಡಿದರೆ ಮೋಡವಿಲ್ಲದ ದಿನ ಗಿರಿ ಕಾಣುತ್ತದೆ. ನನಗೀಗ ಅದು ಫೋನ್ ನಂಬರಿನಂತೆಯೇ ಕಾಣುತ್ತದೆ.

ಪಾಸ್‌ವರ್ಡಿನ ವಿಷಯದಲ್ಲಿ ನನಗೆ ಸಮಾಧಾನವಾಯಿತು. ತಿಂಗಳಿಗೊಮ್ಮೆ ಬದಲಾಯಿಸಿ ಎಂದು ಹಿಂದೆ ಯಾರೋ ಹೇಳಿದ್ದಕ್ಕೆ ನಾನು ದೇವರ ಹೆಸರಿನ ಕೊನೆಗೆ ಒಂದು, ಎರಡು ಸೇರಿಸುತ್ತ ಹನ್ನೊಂದಕ್ಕೆ ಬಂದಿದ್ದೆ. ಸುಮ್ಮಸುಮ್ಮನೆ ಬದಲಾಯಿಸುವ ಒತ್ತಾಯ ಬೇಡ, ಉದ್ದವಾಗಿರಲಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆಯಂತೆ. ಸಂಬಂಧವಿಲ್ಲದ ಮೂರು ನಾಲ್ಕು ಪದ ಜೋಡಿಸಿಕೊಳ್ಳಿ ಎಂದರು. ಜೊತೆಗೆ ಎರಡನೆಯ ಬೀಗವಾಗಿ ಮೊಬೈಲಿಗೆ ಸಂಕೇತ ಬರುವಂತೆ ಮಾಡಿಕೊಟ್ಟರು.

ಆ ದಿನ ನನ್ನನ್ನು ನಿಜವಾಗಿ ನಾಚಿಸಿದ್ದು ಬೇರೆ. ನಿಮ್ಮ ಮೊಬೈಲಿನ ವಾಟ್ಸ್‌ಆ್ಯಪ್ ತೆರೆದು ನೋಡಿ ಎಂದು ತರಬೇತುದಾರರು ನನಗೆ ಹೇಳಿದರು. ಮೇಲಿಂದ ಕೆಳಗೆ ಆಧಾರ್ ಕಾರ್ಡು, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ. ಮುನ್ನೂರಕ್ಕೂ ಹೆಚ್ಚು ಬೆಳೆಗಾರರು ಹಣ ಪಡೆಯಲೆಂದು ಕಳಿಸಿದ್ದ ಫೋಟೋಗಳು. ಸಂಜೆ ಅದೇ ಮೊಬೈಲಿನಲ್ಲಿ ಅಕ್ಕನ ಮೊಮ್ಮಗ ಆಟ ಆಡುತ್ತಾನೆ. ನಾನು ಕಳೆದದ್ದು ಸಂಸ್ಥೆಯ ಹಣ, ಅದಕ್ಕೆ ಲೆಕ್ಕವುಂಟು. ಮೂರು ಎಕರೆಯ ಬೆಳೆಗಾರನೊಬ್ಬನ ಕಾಗದಗಳು ನನ್ನ ಕೈಯಿಂದ ಜಾರಿ, ಅವನ ಹೆಸರಿನಲ್ಲಿ ಯಾರೋ ಸಾಲ ಎತ್ತಿದರೆ, ಅದನ್ನು ಯಾವ ಪುಟದಲ್ಲಿ ಬರೆಯಲಿ? 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆಯೇ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಆ ಫೋಟೋಗಳು ಅಲ್ಲಿರಬಾರದಿತ್ತು. ಮುಂದಿನ ನಾಲ್ಕು ದಿನ ಕೂತು ಎಲ್ಲವನ್ನೂ ಬೀಗವಿರುವ ಒಂದು ಕಡತಕ್ಕೆ ಸೇರಿಸಿ ಮೊಬೈಲಿನಿಂದ ಅಳಿಸಿದೆ.

ಎರಡು ತಿಂಗಳ ನಂತರ ಕಚೇರಿಯ ಎಲ್ಲರಿಗೂ ಒಂದು ಇಮೇಲ್ ಬಂತು: ಹಬ್ಬದ ಬೋನಸ್ ಪಟ್ಟಿ ಸಿದ್ಧವಾಗಿದೆ, ನಿಮ್ಮ ಹೆಸರು ನೋಡಿಕೊಳ್ಳಿ. ಒತ್ತಿದೆ. ತರಬೇತುದಾರರ ಹೆಸರಿನ ಪುಟ ತೆರೆದುಕೊಂಡು, ಇದು ಪರೀಕ್ಷೆ, ನೀವು ಒತ್ತಿದ್ದೀರಿ ಎಂದಿತು. ಇಮೇಲ್ ಇದ್ದ ಹನ್ನೆರಡು ಜನರಲ್ಲಿ ಏಳು ಜನ ಒತ್ತಿದ್ದೆವು, ನಾಲ್ಕೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಕಳೆದುಕೊಂಡ ನಾನೂ ಸೇರಿ. ತಿಳಿದದ್ದು ಒಂದು, ಬೆರಳು ಮಾಡುವುದು ಇನ್ನೊಂದು ಎಂದು ಆಗ ಅರ್ಥವಾಯಿತು. ಆದರೆ ನಾನು ಅವರಿಗೆ ಫೋನ್ ಮಾಡಿ ಜಗಳವನ್ನೂ ಆಡಿದೆ. ಬೋನಸ್ಸಿಗೆ ಕಾದು ಕೂತವರ ಮುಂದೆ ಬೋನಸ್ಸಿನ ಗಾಳ ಹಾಕುವುದು ಕಲಿಸುವ ಕ್ರಮವಲ್ಲ. ಅಮೆರಿಕದ ಗೋಡ್ಯಾಡಿ ಕಂಪನಿ 2020ರ ಡಿಸೆಂಬರಿನಲ್ಲಿ 650 ಡಾಲರ್ ಬೋನಸ್ ಎಂದು ನೌಕರರಿಗೆ ಇಂಥದ್ದೇ ಪರೀಕ್ಷೆಯ ಇಮೇಲ್ ಕಳಿಸಿ, ಬಯ್ಗುಳ ತಿಂದು ಕ್ಷಮೆ ಕೇಳಿತ್ತು ಎಂದು ಆಮೇಲೆ ಓದಿದೆ. ಕಳ್ಳರು ಕರುಣೆ ತೋರಿಸುವುದಿಲ್ಲ ಅಕ್ಕಾ ಎಂದರು ಅವರು. ನೀವು ಕಳ್ಳರಲ್ಲವಲ್ಲ ಎಂದೆ. ಮುಂದಿನ ಪರೀಕ್ಷೆ ಕೊರಿಯರಿನ ಹೆಸರಿನಲ್ಲಿ ಬಂತು. ಆ ಸಲ ಇಬ್ಬರು ಒತ್ತಿದರು, ಇಬ್ಬರೂ ಕೂಡಲೇ ನನ್ನ ಹತ್ತಿರ ಓಡಿಬಂದರು.

ಇಷ್ಟರಲ್ಲಿ ನಮ್ಮಲ್ಲಿ ಮೂರು ಕಟ್ಟಳೆ ಬಂದಿದ್ದವು. ಯಾರ ಖಾತೆ ಬದಲಾದರೂ ಅವರಿಗೆ ಫೋನ್ ಮಾಡಿ ಕೇಳುವುದು. ಸಂದೇಶದಲ್ಲಿರುವ ನಂಬರಿಗಲ್ಲ, ನಮ್ಮ ಹಳೆಯ ರಿಜಿಸ್ಟರಿನಲ್ಲಿರುವ ನಂಬರಿಗೆ. ಐವತ್ತು ಸಾವಿರ ಮೀರಿದರೆ ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಒತ್ತುವುದು. ಯಜಮಾನರ ಹೆಸರಿನಲ್ಲಿ ಹೊಸ ನಂಬರಿನಿಂದ ಯಾರೇ ಹಣ ಕೇಳಿದರೂ ಒಂದು ಪ್ರಶ್ನೆ ಹಾಕುವುದು: ತೋಟದ ಹಳೆಯ ನಾಯಿಯ ಹೆಸರೇನು? ಅದು ಸತ್ತು ಆರು ವರ್ಷವಾಗಿದೆ, ಹೆಸರು ಎಲ್ಲೂ ಬರೆದಿಟ್ಟಿಲ್ಲ.

ಡಿಸೆಂಬರಿನಲ್ಲಿ ನಾನು ಹಾಸನಕ್ಕೆ ಮದುವೆಗೆ ಹೋಗಿದ್ದೆ. ಹನ್ನೊಂದು ಗಂಟೆಗೆ ಕಿರಿಯ ಹುಡುಗಿಯ ಫೋನ್. ‘ಅಕ್ಕಾ, ಹೊಸ ನಂಬರಿನಿಂದ ವಾಟ್ಸ್‌ಆ್ಯಪ್ ಬಂದಿದೆ. ಯಜಮಾನರೇ ಅಂತೆ. ಮೂರು ಲಕ್ಷದ ಇಪ್ಪತ್ತು ಸಾವಿರ ಬೆಳೆಗಾರರೊಬ್ಬರಿಗೆ ಕೂಡಲೇ ಹಾಕು ಎಂದಿದ್ದಾರೆ. ಅವರ ನಂಬರ್ ಸ್ವಿಚ್ ಆಫ್ ಬರುತ್ತಿದೆ.’

‘ನಾಯಿಯ ಹೆಸರು ಕೇಳಿದೆಯಾ?’

‘ಕೇಳಿದೆ. ತಲೆ ತಿನ್ನಬೇಡ, ಹಣ ಹಾಕು ಎಂದು ಬರೆದಿದ್ದಾರೆ.’

‘ಹಾಕಬೇಡ’ ಎಂದೆ. ಊಟದ ಪಂಕ್ತಿಯಲ್ಲಿ ಕೂತರೂ ಹೋಳಿಗೆ ರುಚಿಸಲಿಲ್ಲ. ಎರಡು ಗಂಟೆಗೆ ಮತ್ತೆ ಫೋನ್, ಈ ಸಲ ಅವಳ ಧ್ವನಿ ನಡುಗುತ್ತಿತ್ತು. ಯಜಮಾನರೇ ಬಂದಿದ್ದರು. ಬೆಳಗ್ಗೆ ತೋಟದ ಕೆರೆಯಲ್ಲಿ ಪಂಪ್ ನೋಡಲು ಬಗ್ಗಿದಾಗ ಮೊಬೈಲ್ ನೀರಿಗೆ ಬಿದ್ದಿತ್ತು. ಸಂದೇಶ ಕಳಿಸಿದ್ದು ಮಗನ ಮೊಬೈಲಿನಿಂದ, ಅವರೇ. ಕೊಟ್ಟ ಮಾತಿಗೆ ತಪ್ಪಿ ಬೆಳೆಗಾರರ ಮುಂದೆ ಮುಖ ಕಳೆದುಕೊಂಡೆ ಎಂದು ಮೂವತ್ತು ಕಿಲೋಮೀಟರ್ ಸಿಟ್ಟಿನಲ್ಲೇ ಜೀಪು ಓಡಿಸಿಕೊಂಡು ಬಂದಿದ್ದರು. ಹುಡುಗಿ ಎದ್ದು ನಿಂತು, ‘ಸರ್, ನೀವೇ ಮಾಡಿದ ಕಟ್ಟಳೆ’ ಎಂದಳಂತೆ. ಅವಳು ಅಷ್ಟು ದೊಡ್ಡ ವಾಕ್ಯವನ್ನು ಯಜಮಾನರ ಮುಂದೆ ಆಡಿದ್ದು ಅದೇ ಮೊದಲು.

ಮರುದಿನ ನಾನು ಹೋಗುವ ಹೊತ್ತಿಗೆ ಅವರ ಮೇಜಿನ ಮೇಲೆ ಅಕ್ಕಿ ತುಂಬಿದ ಸ್ಟೀಲ್ ಡಬ್ಬಿ, ಅದರೊಳಗೆ ಹೂತ ಮೊಬೈಲು. ನಿನ್ನೆಯ ವೋಚರಿಗೆ ಸಹಿ ಹಾಕುತ್ತ ತಲೆ ಎತ್ತದೆ ಹೇಳಿದರು: ‘ಏನಮ್ಮಾ, ಆ ನಾಯಿಯ ಪ್ರಶ್ನೆ ಬದಲಾಯಿಸಬೇಕು. ನಿನ್ನೆ ಸಿಟ್ಟಿನಲ್ಲಿ ಅಂಗಳದಲ್ಲಿ ನಿಂತು ಅದರ ಹೆಸರು ಕೂಗಿಬಿಟ್ಟೆ. ಗಾಡಿಯವರೆಲ್ಲ ಕೇಳಿಸಿಕೊಂಡರು.’